ಗಾಣ ಎಳೆಸಿದ ಜೈಲಿಗೆ ರಂಗಸ್ಥಳ ಬೇಡವೆ?

ಕುನ್ನತ್ತೂರು ಸಂತೆಗೆ ಬಂದು ಹೋಗುವ ನಮ್ಮ ಕಡೆಯ ರೈತನಿಗೂ ವ್ಯಾಪಾರಿಗೂ ಕೊಯಮತ್ತೂರು ಎಂದರೆ ಮಿಲ್ಲು, ಮಂಡಿ, ಮೋಟಾರ್ ಪಂಪು, ದೊಡ್ಡಾಸ್ಪತ್ರೆ. ಅವಿನಾಶಿ ಹಾದು ಗಾಂಧಿಪುರಂ ಬಸ್ ಸ್ಟ್ಯಾಂಡಿನಲ್ಲಿ ಇಳಿದವರು ತಮ್ಮ ತಮ್ಮ ಕೆಲಸದ ಗಡಿಬಿಡಿಯಲ್ಲಿ ನಡೆದುಬಿಡುತ್ತಾರೆ. ಹತ್ತಿರದಲ್ಲೇ ಇರುವ ಎತ್ತರದ ಗೋಡೆಯ ಕಡೆ ತಲೆಯೆತ್ತಿ ನೋಡುವವರು ಕಡಿಮೆ. ಅದು 1872ರಷ್ಟು ಹಿಂದಿನ ಸೆಂಟ್ರಲ್ ಜೈಲು. ನಮಗೂ ಅದಕ್ಕೂ ಏನು ಸಂಬಂಧ ಎನ್ನಬೇಡಿ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ತಾಲೂಕು ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. ನಮ್ಮ ಅಜ್ಜಂದಿರ ಕಾಲದಲ್ಲಿ ಜಮೀನಿನ ಕಾಗದಕ್ಕೂ ಕೊಯಮತ್ತೂರು, ಬದುವಿನ ಜಗಳ ಕೈಮೀರಿದರೆ ಜೈಲಿಗೂ ಕೊಯಮತ್ತೂರು!

ಈಗ ಆ ಜೈಲನ್ನು ಊರ ನಡುವಿನಿಂದ ಕಾರಮಡೈ ಕಡೆಯ ಬಿಳಿಚ್ಚಿಗೆ ಸಾಗಿಸುವ ಯೋಜನೆ ಹೊರಟಿದೆ. ಹಳೆಯ ಜಾಗದ ಒಂದು ಭಾಗ ಸೆಮ್ಮೊಳಿ ಪೂಂಗಾ ಎಂಬ ದೊಡ್ಡ ಉದ್ಯಾನಕ್ಕೆ ಹೋಯಿತು. ಹೊರಗಿನವರಿಗೆ ತಿರುಗಾಡಲು ಹೂದೋಟ ಬಂತು, ಸಂತೋಷ. ಒಳಗಿನವರಿಗೆ ಏನು ಬರುತ್ತದೆ? ಹೊಸ ಜೈಲೆಂದರೆ ಹೊಸ ಗೋಡೆ, ಹೊಸ ಬೀಗ, ಹೊಸ ಕ್ಯಾಮರಾ ಇಷ್ಟೇ ಆಗಬೇಕೆ? ಅಥವಾ ನಾಟಕ ಆಡಲು, ಹಾಡಲು, ಚಿತ್ರ ಬರೆಯಲು ಒಂದು ರಂಗಸ್ಥಳವೂ ಅದರ ನಕ್ಷೆಯಲ್ಲಿ ಇರಬೇಕೆ? ಇರಲೇಬೇಕು ಎಂಬುದು ಈ ಬರಹದ ವಾದ. ಕೈದಿಗಳ ಮೇಲಿನ ಕನಿಕರದಿಂದ ಹೀಗೆ ಹೇಳುತ್ತಿಲ್ಲ. ಇಂದಲ್ಲ ನಾಳೆ ಅವರು ವಾಪಸು ಬರುವುದು ನಮ್ಮ ನಿಮ್ಮ ಊರಿಗೇ ಎಂಬ ಲೆಕ್ಕದಿಂದ ಹೇಳುತ್ತಿರುವುದು.

ಎತ್ತಿನ ಜಾಗದಲ್ಲಿ ಮನುಷ್ಯ

ಕೊಯಮತ್ತೂರು ಜೈಲಿನ ಹೆಸರು ಹೇಳಿದರೆ ತಮಿಳು ಬಲ್ಲ ಎಲ್ಲರಿಗೂ ನೆನಪಾಗುವುದು ವ.ಉ. ಚಿದಂಬರಂ ಪಿಳ್ಳೆಯವರು. ಬಿಳಿಯರ ಹಡಗು ಕಂಪನಿಗೆ ಎದುರಾಗಿ 1906ರಲ್ಲಿ ಸ್ವದೇಶಿ ಹಡಗು ಕಂಪನಿ ಕಟ್ಟಿದ ವಕೀಲರು. 1908ರಿಂದ 1910ರವರೆಗೆ ಅವರನ್ನು ಈ ಜೈಲಿನಲ್ಲಿಟ್ಟರು, ಎತ್ತು ಕಟ್ಟುವ ಜಾಗದಲ್ಲಿ ಅವರನ್ನು ಕಟ್ಟಿ ಎಣ್ಣೆ ಗಾಣ ಎಳೆಸಿದರು. ಆ ಗಾಣ ಇವತ್ತು ಚೆನ್ನೈನ ಗಿಂಡಿಯ ಗಾಂಧಿ ಮಂಟಪದಲ್ಲಿದೆ. 1961ರಲ್ಲಿ ಬಂದ 'ಕಪ್ಪಲೋಟ್ಟಿಯ ತಮಿಳನ್' ಚಿತ್ರದಲ್ಲಿ ಶಿವಾಜಿ ಗಣೇಶನ್ ಅವರ ಪಾತ್ರ ಮಾಡಿದ್ದನ್ನು ನಮ್ಮಲ್ಲಿ ಹಿರಿಯರು ನೋಡಿದ್ದಾರೆ. ಆ ಚಿತ್ರ ಮಾಡಿದವರು ನಮ್ಮ ಕನ್ನಡದವರೇ ಆದ ಬಿ.ಆರ್. ಪಂತುಲು.

ಆ ಕಥೆಯಲ್ಲಿ ಸಾಮಾನ್ಯವಾಗಿ ಮರೆತುಹೋಗುವ ಇನ್ನೊಂದು ಭಾಗವಿದೆ. ಗಾಣ ಎಳೆದ ಕೈಯೇ ಲೇಖನಿಯನ್ನೂ ಹಿಡಿಯಿತು. ಸೆರೆವಾಸದ ವರ್ಷಗಳಲ್ಲಿ ಪಿಳ್ಳೆಯವರು ಜೇಮ್ಸ್ ಆಲನ್‌ನ ಪುಸ್ತಕವನ್ನು ತಮಿಳಿಗೆ ತಂದರು, ತಮ್ಮ ಬದುಕಿನ ಕಥೆಯನ್ನು ಪದ್ಯದಲ್ಲಿ ಬರೆಯತೊಡಗಿದರು. ಅವರು ದೇಶಭಕ್ತರು, ಅಪರಾಧಿಯಲ್ಲ. ಅವರನ್ನು ಕಳ್ಳರ ಜೊತೆ ಹೋಲಿಸುವ ಮಾತಲ್ಲ ಇದು. ಆದರೆ ಮನುಷ್ಯನನ್ನು ಎತ್ತು ಮಾಡುವ ಜಾಗದಲ್ಲಿ ಮನುಷ್ಯನಾಗಿ ಉಳಿಯಲು ಅವರಿಗೆ ದಾರಿಯಾದದ್ದು ಮಾತು ಮತ್ತು ಪದ್ಯ ಎಂಬುದನ್ನು ಗಮನಿಸಬೇಕು. ಓದಿದ ವಕೀಲರು ತಾವೇ ದಾರಿ ಹುಡುಕಿಕೊಂಡರು. ಅಕ್ಷರ ಬಾರದ ಕೂಲಿಯವನಿಗೆ ಆ ದಾರಿಯನ್ನು ಇನ್ನೊಬ್ಬರು ತೋರಿಸಬೇಕಾಗುತ್ತದೆ.

ಬಳ್ಳಾರಿಯಿಂದ ಮೈಸೂರಿಗೆ

ತೋರಿಸಿದವರು ನಮ್ಮ ಕರ್ನಾಟಕದಲ್ಲೇ ಇದ್ದಾರೆ. ಬಿ.ವಿ. ಕಾರಂತರು 1989ರಲ್ಲಿ ಮೈಸೂರಿನಲ್ಲಿ ಕಟ್ಟಿದ ರಂಗಾಯಣದ ಕಲಾವಿದರಲ್ಲಿ ಒಬ್ಬರು ಹುಲುಗಪ್ಪ ಕಟ್ಟೀಮನಿ. 1990ರ ದಶಕದ ಕೊನೆಯಲ್ಲಿ ಅವರು ಬಳ್ಳಾರಿ ಜೈಲಿನ ಒಳಹೊಕ್ಕು ಸಜಾ ಬಂದಿಗಳಿಗೆ ನಾಟಕ ಕಲಿಸಲು ಶುರು ಮಾಡಿದರು. ಮುಂದೆ ಅದೇ ಕೆಲಸ ಮೈಸೂರು ಜೈಲಿಗೆ ಬಂತು, 'ಸಂಕಲ್ಪ' ಎಂಬ ತಂಡದ ಹೆಸರಿನಲ್ಲಿ ಬೆಳೆಯಿತು.

ಅವರು ಆಡಿಸಿದ್ದು ಯಾವ ನಾಟಕ? ಹೊತ್ತು ಕಳೆಯುವ ಹಾಸ್ಯವಷ್ಟೇ ಅಲ್ಲ. ಗಿರೀಶ ಕಾರ್ನಾಡರ 'ತಲೆದಂಡ' ಆಡಿಸಿದರು. ಕಲ್ಯಾಣದಲ್ಲಿ ಜಾತಿ ಮೀರಿದ ಒಂದು ಮದುವೆಯಿಂದ ಹತ್ತಿದ ಬೆಂಕಿ ರಕ್ತಪಾತದಲ್ಲಿ ಮುಗಿಯುವ ನಾಟಕ ಅದು. ಷೇಕ್ಸ್‌ಪಿಯರನ ಮ್ಯಾಕ್‌ಬೆತ್ ಕಥೆಯನ್ನು ಎಚ್.ಎಸ್. ಶಿವಪ್ರಕಾಶ್ ಕನ್ನಡದ ನೆಲಕ್ಕೆ ತಂದ 'ಮಾರನಾಯಕನ ದೃಷ್ಟಾಂತ' ಆಡಿಸಿದರು. ಪೂರ್ಣಚಂದ್ರ ತೇಜಸ್ವಿಯವರ 'ಜುಗಾರಿ ಕ್ರಾಸ್' ಕೂಡ ಜೈಲಿನ ಕಲಾವಿದರಿಂದ ರಂಗಕ್ಕೆ ಬಂತು. ಜೀವಾವಧಿ ಶಿಕ್ಷೆಯವರು ಪೊಲೀಸ್ ಕಾವಲಿನಲ್ಲಿ ಬೇರೆ ಬೇರೆ ಊರಿಗೆ ಹೋಗಿ, ಟಿಕೆಟ್ ತೆಗೆದುಕೊಂಡು ಬಂದ ಜನರ ಮುಂದೆ ಆಡಿ, ರಾತ್ರಿ ಬಣ್ಣ ಒರೆಸಿಕೊಂಡು ಮತ್ತೆ ಬೀಗದ ಒಳಗೆ ಸೇರಿದರು.

ಆಸೆಗಾಗಿ ಒಡೆಯನನ್ನೇ ಕೊಂದು, ಆಮೇಲೆ ನಿದ್ದೆ ಕಳೆದುಕೊಂಡು ನರಳುವ ಪಾತ್ರವನ್ನು ಕೊಲೆ ಕೇಸಿನಲ್ಲಿ ಒಳಗಿರುವವನು ಮಾಡುತ್ತಾನೆ ಎಂದರೆ ಏನಾಗುತ್ತದೆ, ಯೋಚಿಸಿ. ಕೋರ್ಟಿನಲ್ಲಿ ಅವನ ಪರವಾಗಿ ವಕೀಲ ಮಾತಾಡಿದ್ದ, ಸಾಕ್ಷಿ ಮಾತಾಡಿದ್ದ. ಅವನು ಬಾಯಿ ಬಿಟ್ಟದ್ದು 'ನಾನು ಮಾಡಿಲ್ಲ ಸ್ವಾಮಿ' ಎನ್ನುವಷ್ಟಕ್ಕೆ. ಕತ್ತಿಯ ಆಚೆ ಬದಿಯಲ್ಲಿ ಒಬ್ಬ ಮನುಷ್ಯ ಇದ್ದ, ಅವನಿಗೂ ಹೆಂಡತಿ ಮಕ್ಕಳಿದ್ದರು ಎಂಬುದನ್ನು ಯಾರೂ ಅವನ ಬಾಯಲ್ಲಿ ಆಡಿಸಿರಲಿಲ್ಲ. ನಾಟಕ ಆಡಿಸುತ್ತದೆ. ಇವತ್ತು ಕೊಲ್ಲುವವನ ಪಾತ್ರ, ನಾಳೆ ತಾಲೀಮಿನಲ್ಲಿ ಇನ್ನೊಬ್ಬ ಬರಲಿಲ್ಲವೆಂದು ಕೊಲ್ಲಿಸಿಕೊಳ್ಳುವವನ ಪಾತ್ರ. ಭಾಷಣದಿಂದ, ನೀತಿಪಾಠದಿಂದ ಈ ಕೆಲಸ ಆಗುವುದಿಲ್ಲ.

ಇನ್ನು ತಾಲೀಮಿನ ಶಿಸ್ತು. ಎದುರಿನವನ ಮಾತು ಮುಗಿಯುವ ತನಕ ಕಾಯಬೇಕು. ಅವನು ಮಾತು ಮರೆತರೆ ಹೊಡೆಯದೆ ಎತ್ತಿಕೊಡಬೇಕು. ಒಬ್ಬ ಕೈಕೊಟ್ಟರೆ ಇಡೀ ಆಟ ಬಿದ್ದುಹೋಗುತ್ತದೆ. ನಮ್ಮ ಹಳ್ಳಿಗಳ ಎಷ್ಟೋ ಕೊಲೆಗಳು ಯೋಜನೆ ಹಾಕಿ ಮಾಡಿದವಲ್ಲ. ಬದು, ನೀರಿನ ಸರದಿ, ಕುಡಿದ ಅಮಲಿನ ಒಂದು ಮಾತು, ಕೈಗೆ ಸಿಕ್ಕ ಮಚ್ಚು, ಒಂದೇ ಗಳಿಗೆ. ಆ ಗಳಿಗೆಯಲ್ಲಿ ತಡೆದು ನಿಲ್ಲುವ ಅಭ್ಯಾಸವೇ ಅವನಿಗೆ ಇಲ್ಲದ್ದು. ತಾಲೀಮು ದಿನವೂ ಕಲಿಸುವುದು ಅದನ್ನೇ. ಅಕ್ಷರ ಬಾರದಿದ್ದರೂ ಚಿಂತೆಯಿಲ್ಲ, ಕೇಳಿ ಕೇಳಿ ಬಾಯಿಪಾಠ ಮಾಡಬಹುದು. ತಾಳವಾಡಿ ಸೀಮೆಯ ಗಾಜನೂರಿನಿಂದ ಹೊರಟು, ಹೆಚ್ಚು ಶಾಲೆ ಕಾಣದೆ, ಕಂಪನಿ ನಾಟಕದಲ್ಲಿ ಬೆಳೆದ ಡಾ. ರಾಜ್‌ಕುಮಾರ್ ಅವರ ನೆರೆಹೊರೆಯವರಾದ ನಮಗೆ, ನಾಟಕ ಒಬ್ಬ ಮನುಷ್ಯನಿಗೆ ಏನು ಕಲಿಸಬಲ್ಲದು ಎಂದು ಬೇರೆಯವರು ಹೇಳಬೇಕಾಗಿಲ್ಲ.

ಹೊರಗಿನ ನಾಡುಗಳಲ್ಲೂ ಇದು ಹೊಸತಲ್ಲ. 1957ರ ನವೆಂಬರಿನಲ್ಲಿ ಅಮೆರಿಕದ ಸ್ಯಾನ್ ಕ್ವೆಂಟಿನ್ ಜೈಲಿನಲ್ಲಿ ಸುಮಾರು 1,400 ಕೈದಿಗಳ ಮುಂದೆ ಸ್ಯಾಮುಯೆಲ್ ಬೆಕೆಟ್‌ನ ನಾಟಕ ಆಡಿದರು. ಯಾರೋ ಬರುತ್ತಾನೆಂದು ಕಾಯುತ್ತಲೇ ಇರುವ ಇಬ್ಬರ ಕಥೆ ಅದು. ಪಂಡಿತರು ಅರ್ಥವಾಗಲಿಲ್ಲ ಎಂದ ನಾಟಕ ಕಾಯುವುದೇ ಬದುಕಾದವರಿಗೆ ಅರ್ಥವಾಯಿತು. ಆ ಜೈಲಿನ ಜೀವಾವಧಿ ಕೈದಿ ರಿಕ್ ಕ್ಲಚಿ ಅಲ್ಲಿಯೇ ನಾಟಕ ತಂಡ ಕಟ್ಟಲು ಮುಂದಾದ. 1966ರಲ್ಲಿ ಬಿಡುಗಡೆಯಾದ ಮೇಲೆ ಸ್ವತಃ ಬೆಕೆಟ್‌ನ ನಿರ್ದೇಶನದಲ್ಲೇ ನಟಿಸಿದ. ನಮ್ಮ ದೇಶದಲ್ಲಿ, ಕೊಲ್ಕತ್ತಾದ ಪ್ರೆಸಿಡೆನ್ಸಿ ಜೈಲಿನಲ್ಲಿ ನೃತ್ಯಗಾರ್ತಿ ಅಲಕಾನಂದಾ ರಾಯ್ ಕೈದಿಗಳಿಂದ ಟ್ಯಾಗೋರರ 'ವಾಲ್ಮೀಕಿ ಪ್ರತಿಭಾ' ಆಡಿಸಿದರು. ಅದರಲ್ಲಿ ಮುಖ್ಯ ಪಾತ್ರ ಮಾಡಿದ ನೈಜೆಲ್ ಅಕ್ಕರ ಹೊರಬಂದ ಮೇಲೆ, ಆ ಕಥೆಯನ್ನೇ ಆಧರಿಸಿ 2012ರಲ್ಲಿ ಬಂದ 'ಮುಕ್ತಧಾರಾ' ಚಿತ್ರದಲ್ಲಿ ನಾಯಕನಾದ.

ಸತ್ತವನ ಮನೆಯವರ ಪ್ರಶ್ನೆ

ಈ ಮಾತನ್ನು ಸಂತೆಯಲ್ಲಿ ಎತ್ತಿದರೆ ಬರುವ ಉತ್ತರ ಗೊತ್ತೇ ಇದೆ. "ಅಲ್ಲ ಕಣ್ರೀ, ಗೇಯ್ದು ತಿನ್ನೋನಿಗೇ ನಾಟಕ ನೋಡೋಕೆ ಪುರುಸೊತ್ತಿಲ್ಲ. ಕೊಲೆ ಮಾಡಿ ಒಳಗೆ ಕೂತೋನಿಗೆ ಬಣ್ಣ ಹಚ್ಚಿ ಕುಣಿಸ್ಬೇಕಾ? ಸತ್ತೋನ ಮನೆಯೋರು ಅದನ್ನ ನೋಡ್ಕಂಡು ಚಪ್ಪಾಳೆ ಹೊಡೀಬೇಕಾ?"

ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಮಗನನ್ನು ಕಳೆದುಕೊಂಡ ತಾಯಿಗೆ ಕಲೆ, ಸುಧಾರಣೆ ಎಂದು ಉಪದೇಶ ಮಾಡುವ ಅಧಿಕಾರ ಯಾರಿಗೂ ಇಲ್ಲ. ಜೈಲಿನ ನಾಟಕದ ಸುದ್ದಿ ಪತ್ರಿಕೆಗಳಲ್ಲಿ ಬರುವಾಗ ನಟನ ಫೋಟೊ ಇರುತ್ತದೆ, ಸತ್ತವನ ಹೆಸರು ಇರುವುದಿಲ್ಲ. ಇದು ತಪ್ಪು. ಇದಕ್ಕೆ ಒಂದು ದಾರಿಯನ್ನು ಕಾನೂನೇ ತೋರಿಸಿದೆ. 1998ರಲ್ಲಿ ಸುಪ್ರೀಂ ಕೋರ್ಟು, ದುಡಿಯುವ ಕೈದಿಗೆ ನ್ಯಾಯವಾದ ಕೂಲಿ ಕೊಡಬೇಕು, ಆ ಕೂಲಿಯ ಒಂದು ಪಾಲು ಅವನಿಂದ ನೊಂದವರಿಗೆ ಸೇರುವಂತೆ ಸರ್ಕಾರಗಳು ಕಾನೂನು ಮಾಡಬೇಕು ಎಂದಿತು. ನಾಟಕದ ಗಳಿಕೆಗೂ ಇದೇ ನಿಯಮ ಇರಲಿ. ಹೊರಗೆ ಆಡಿದ ಆಟದ ಟಿಕೆಟ್ ಹಣದಲ್ಲಿ ಒಂದು ಪಾಲು ಸತ್ತವನ ಮಕ್ಕಳ ಓದಿಗೆ ಹೋಗಲಿ. ಆ ಮನೆಯ ಊರಿನಲ್ಲಿ ಅವರ ಒಪ್ಪಿಗೆಯಿಲ್ಲದೆ ಆಟ ಆಡುವುದು ಬೇಡ.

ಆದರೆ ಇನ್ನೊಂದು ಮಾತನ್ನೂ ಅಷ್ಟೇ ನಿಷ್ಠುರವಾಗಿ ಹೇಳಬೇಕು. ಒಳಗೆ ಹೋದವರಲ್ಲಿ ಬಹುಪಾಲು ಜನ ಹೊರಗೆ ಬಂದೇ ಬರುತ್ತಾರೆ. ಜೀವಾವಧಿಯವರಲ್ಲೂ 14 ವರ್ಷ ಕಳೆದ ಮೇಲೆ ಸನ್ನಡತೆ ನೋಡಿ ಬಿಡುಗಡೆಯಾಗುವವರು ಎಷ್ಟೋ ಮಂದಿ. ಅವನು ಬರುವುದು ಸತ್ತವನ ಮನೆ ಇರುವ ಅದೇ ಬೀದಿಗೆ. ಹದಿನಾಲ್ಕು ವರ್ಷ ಹಗೆಯನ್ನೇ ಮೆಲುಕು ಹಾಕಿ ಬಂದವನು ಬೇಕೋ, ತನ್ನ ತಪ್ಪಿನ ಮುಖ ನೋಡಿ ಬಂದವನು ಬೇಕೋ? ಆ ತಾಯಿಯ ಉಳಿದ ಮಕ್ಕಳ ಕ್ಷೇಮಕ್ಕೂ ಈ ಪ್ರಶ್ನೆ ಸೇರಿದ್ದು.

ತೀರ್ಪು ಬಾರದವರ ಗತಿ

'ಕೈದಿ' ಎಂದ ಕೂಡಲೇ ಕೊಲೆಗಾರ ಎಂದು ತಿಳಿಯುವುದೂ ಸರಿಯಲ್ಲ. 2022ರ ಕೊನೆಯಲ್ಲಿ ದೇಶದ ಜೈಲುಗಳಲ್ಲಿ ಇದ್ದವರು 5,73,220 ಮಂದಿ. ಅವರಲ್ಲಿ 4,34,302 ಮಂದಿ ವಿಚಾರಣಾಧೀನರು. ಅಂದರೆ ನಾಲ್ವರಲ್ಲಿ ಮೂವರ ಮೇಲೆ ಅಪರಾಧ ಸಾಬೀತೇ ಆಗಿರಲಿಲ್ಲ. ಜೈಲಿನ ಕೆಲಸ, ಕೂಲಿ, ತರಬೇತಿ ಎಲ್ಲ ಮುಖ್ಯವಾಗಿ ಸಜಾ ಆದವರಿಗೆ. ವಿಚಾರಣೆಯವನು ಬ್ಯಾರಕ್ಕಿನಲ್ಲಿ ವಾಯಿದೆಯ ತಾರೀಖು ಎಣಿಸುತ್ತ ಕೂರಬೇಕು.

ಗಡಿಯ ಜನರಿಗೆ ಇದು ಅಂಕಿಅಂಶದ ವಿಷಯವಲ್ಲ. 1993ರ ಏಪ್ರಿಲ್‌ನಲ್ಲಿ ಪಾಲಾರ್ ಬಳಿ ವೀರಪ್ಪನ್ ತಂಡದ ನೆಲಬಾಂಬಿಗೆ 22 ಮಂದಿ ಬಲಿಯಾದರು. ಆಮೇಲೆ ಕಾಡಂಚಿನ ಹಳ್ಳಿಗಳ ನೂರಕ್ಕೂ ಹೆಚ್ಚು ಜನರನ್ನು, ಹೆಂಗಸರೂ ಸೇರಿ, ಟಾಡಾ ಕಾಯಿದೆಯಡಿ ಹಿಡಿದು ಮೈಸೂರು ಜೈಲಿಗೆ ಹಾಕಿದರು. 2001ರಲ್ಲಿ ತೀರ್ಪು ಬಂದಾಗ ಅವರಲ್ಲಿ ಹೆಚ್ಚಿನವರು ಖುಲಾಸೆಯಾದರು. ಅಷ್ಟರಲ್ಲಿ ವರ್ಷಗಳು ಕಳೆದುಹೋಗಿದ್ದವು. ಅವರಲ್ಲಿ ಬಹಳ ಜನರ ಮನೆಮಾತು ತಮಿಳು, ಜೈಲಿನ ಮಾತು ಕನ್ನಡ. ಇತ್ತ ಸತ್ಯಮಂಗಲ, ಗೋಬಿ, ಪುಳಿಯಂಪಟ್ಟಿ ಸೀಮೆಯಲ್ಲಿ ಮನೆಯೊಳಗೆ ಕನ್ನಡ ಆಡುವ ದೇವಾಂಗರು, ಒಕ್ಕಲಿಗರು, ಲಿಂಗಾಯತರು ಎಷ್ಟೋ ಇದ್ದಾರೆ. ಅವರಲ್ಲೊಬ್ಬ ಸಿಕ್ಕಿಬಿದ್ದರೆ ಹೋಗುವುದು ತಮಿಳು ಜೈಲಿಗೆ. ವ್ಯಾಪಾರಕ್ಕೆ ಸಾಲುವ ಎರಡನೇ ಭಾಷೆ ದುಃಖ ಹೇಳಿಕೊಳ್ಳಲು ಸಾಲುವುದಿಲ್ಲ. ಎರಡೂ ಭಾಷೆಯಲ್ಲಿ ಆಡುವ ಹಾಡುವ ಒಂದು ತಂಡ ಒಳಗಿದ್ದರೆ ಅವನ ಬಾಯಿಗೆ ಒಂದು ದಾರಿಯಾಗುತ್ತದೆ.

ನಮ್ಮದೇ ಕಲೆ ಇದೆಯಲ್ಲ

ಇದಕ್ಕೆ ಷೇಕ್ಸ್‌ಪಿಯರನೇ ಬೇಕೆಂದಿಲ್ಲ. ಕೊಂಗು ನಾಡಿನಲ್ಲಿ ಉಡುಕ್ಕೆ ಬಾರಿಸುತ್ತ ರಾತ್ರಿಯಿಡೀ ಹಾಡುವ ಅಣ್ಣನ್ಮಾರ್ ಕಥೆ ಇದೆ. ಪೊನ್ನರ್ ಶಂಕರ್ ಎಂಬ ಅಣ್ಣತಮ್ಮಂದಿರ ಜಮೀನು, ದಾಯಾದಿ, ಸೇಡಿನ ಕಥೆ. ಇತ್ತ ದಿಂಬಂ ಘಾಟಿ ಹತ್ತಿದರೆ ಕಂಸಾಳೆಯವರ ಮಾದಪ್ಪನ ಕಥೆ, ನೀಲಗಾರರ ಮಂಟೇಸ್ವಾಮಿ ಕಥೆ. ಮಾದಪ್ಪನ ಬೆಟ್ಟಕ್ಕೆ ತಮಿಳರೂ ಬರುತ್ತಾರೆ, ಪರಿಸೆಯಲ್ಲಿ ಭಾಷೆಯ ಜಗಳ ಇಲ್ಲ. ಕೊಯಮತ್ತೂರು ಸೀಮೆಯ ವಳ್ಳಿ ಒಯಿಲ್ ಕುಮ್ಮಿಯನ್ನು ಗಂಡಸರಿಗಷ್ಟೇ ಎಂಬ ಕಟ್ಟು ಮುರಿದು ಹೆಂಗಸರಿಗೂ ಕಲಿಸಿದ ಬದ್ರಪ್ಪನ್ ಅವರಿಗೆ 87ರ ವಯಸ್ಸಿನಲ್ಲಿ, 2024ರಲ್ಲಿ ಪದ್ಮಶ್ರೀ ಬಂತು. ಇಂಥ ಕಲೆಗಳಿಗೆ ದುಬಾರಿ ಸೆಟ್ಟೂ ಬೇಡ, ಲೈಟೂ ಬೇಡ. ಹತ್ತು ಜನ, ಒಂದು ಬಯಲು, ಒಂದು ತಾಳ ಸಾಕು. ಹಾಡುವ ಮುದುಕರಿಗೆ ಶಿಷ್ಯರು ಸಿಗುತ್ತಿಲ್ಲ ಎಂಬ ಕೊರಗೂ ಇದೆ. ಒಳಗಿರುವವರಿಗೆ ಹೊತ್ತು ಇದೆ, ಗುರು ಇಲ್ಲ. ಇಬ್ಬರನ್ನೂ ಒಂದು ಕಡೆ ಕೂಡಿಸಲು ಬೇಕಾದದ್ದು ಒಂದು ಆದೇಶ, ಒಂದು ಬಸ್ ಛಾರ್ಜು, ಒಂದಿಷ್ಟು ಗೌರವಧನ.

ಕಲೆಯೊಂದರಿಂದಲೇ ಎಲ್ಲ ಸರಿಹೋಗುತ್ತದೆ ಎಂದು ಯಾರೂ ಹೇಳಬಾರದು. ಹೊಟ್ಟೆಗೆ ದಾರಿಯಿಲ್ಲದವನಿಗೆ ಚಪ್ಪಾಳೆ ಎಷ್ಟು ದಿನ ಬಂದೀತು? ದುಡಿಮೆಯ ವಿಷಯದಲ್ಲಿ ತಮಿಳುನಾಡಿನ ಜೈಲುಗಳು ಹಿಂದೆ ಬಿದ್ದಿಲ್ಲ. ಕೊಯಮತ್ತೂರು ಜೈಲಿನ ನೇಯ್ಗೆ ಹೆಸರಾದದ್ದು, ಕೈದಿಗಳೇ ನಡೆಸುವ ಪೆಟ್ರೋಲ್ ಬಂಕನ್ನೂ ಜನ ಕಂಡಿದ್ದಾರೆ. 1957ರಲ್ಲಿ ಶಾಂತಾರಾಮ್ ಮಾಡಿದ 'ದೋ ಆಂಖೇಂ ಬಾರಹ್ ಹಾಥ್' ಚಿತ್ರದಲ್ಲಿ ಆರು ಮಂದಿ ಕೊಲೆಗಾರರು ಬಂಜರು ನೆಲ ಹಸನು ಮಾಡಿ ತರಕಾರಿ ಬೆಳೆದು ಸಂತೆಗೆ ತರುತ್ತಾರೆ. 1975ರಲ್ಲಿ ಎಂ.ಜಿ.ಆರ್. ಅದನ್ನೇ 'ಪಲ್ಲಾಂಡು ವಾಳ್ಗ' ಎಂದು ತಮಿಳಿನಲ್ಲಿ ಮಾಡಿದರು. ನ್ಯಾಯವಾದ ಬೆಲೆಗೆ ಮಾರಿದ ಆ ಕೈದಿಗಳಿಗೆ ಅಡ್ಡ ಬಂದವರು ಯಾರು? ಸಂತೆಯ ವ್ಯಾಪಾರಿಗಳು! ಚಿತ್ರ ನೋಡಿ ಕಣ್ಣೀರು ಹಾಕಿದ ನಾವು ಈ ಭಾಗವನ್ನು ಮರೆಯಬಾರದು. ಕೈಗೆ ಕೆಲಸ, ಬಾಯಿಗೆ ಮಾತು ಎರಡೂ ಸೇರಿದರೆ ಮಾತ್ರ ಮನುಷ್ಯ ಎದ್ದು ನಿಲ್ಲುತ್ತಾನೆ.

ಆಗಬೇಕಾದದ್ದು

ವಿಶ್ವಸಂಸ್ಥೆ 2015ರಲ್ಲಿ ಒಪ್ಪಿದ 'ನೆಲ್ಸನ್ ಮಂಡೇಲಾ ನಿಯಮಗಳು' ಎಲ್ಲ ಜೈಲುಗಳಲ್ಲೂ ಮನರಂಜನೆ, ಸಾಂಸ್ಕೃತಿಕ ಚಟುವಟಿಕೆ ಇರಬೇಕೆಂದು ಹೇಳುತ್ತವೆ. ಜೈಲು ರಾಜ್ಯ ಸರ್ಕಾರದ ಕೈಯಲ್ಲಿರುವ ವಿಷಯವಾದ್ದರಿಂದ ಚೆನ್ನೈ ಮತ್ತು ಬೆಂಗಳೂರು ಮನಸ್ಸು ಮಾಡಿದರೆ ಸಾಕು.

ಮೊದಲನೆಯದು, ಬಿಳಿಚ್ಚಿಯ ಹೊಸ ಜೈಲಿನಲ್ಲಿ ಅಡಿಗೆಮನೆಯಷ್ಟೇ ಖಾಯಂ ಆಗಿ ಒಂದು ರಂಗಸ್ಥಳ ಇರಲಿ. ಕಟ್ಟಿದ ಮೇಲೆ ಕೇಳಿದರೆ ಜಾಗ ಇಲ್ಲ ಎನ್ನುತ್ತಾರೆ. ಎರಡನೆಯದು, ತಾಲೀಮಿನ ಹೊತ್ತನ್ನು ಕೆಲಸದ ಹೊತ್ತೆಂದೇ ಲೆಕ್ಕ ಹಾಕಿ ಕೂಲಿ ಕೊಡಲಿ. ಇಲ್ಲವಾದರೆ ಮನೆಗೆ ನಾಲ್ಕು ಕಾಸು ಕಳಿಸಬೇಕಾದವನು ಮಗ್ಗ ಬಿಟ್ಟು ನಾಟಕಕ್ಕೆ ಬರುವುದಿಲ್ಲ. ಮೂರನೆಯದು, ವಿಚಾರಣಾಧೀನರಿಗೂ ಬಾಗಿಲು ತೆರೆದಿರಲಿ. ನಾಲ್ಕನೆಯದು, ಒಬ್ಬ ಒಳ್ಳೆಯ ಸೂಪರಿಂಟೆಂಡೆಂಟ್ ವರ್ಗವಾದ ಕೂಡಲೇ ಎಲ್ಲ ನಿಂತುಹೋಗುವಂತಿರಬಾರದು. ಬಜೆಟ್ಟಿನಲ್ಲಿ ಅದಕ್ಕೆಂದೇ ಹಣ ಇರಬೇಕು. ಐದನೆಯದು, ಮೈಸೂರಿನ ಅನುಭವ ಇರುವವರನ್ನು ಕೊಯಮತ್ತೂರಿಗೂ, ಕೊಂಗು ನಾಡಿನ ಹಾಡುಗಾರರನ್ನು ಮೈಸೂರಿಗೂ ಕರೆಸಲಿ. ಕಾವೇರಿ ನೀರಿಗೆ ಕೋರ್ಟು ಹತ್ತಿದ ಎರಡು ರಾಜ್ಯಗಳು ಇಷ್ಟು ಕೊಡುಕೊಳ್ಳುವುದು ಕಷ್ಟವೇನಲ್ಲ.

ಇನ್ನು ನಮ್ಮ ಪಾಲು. ತಮಿಳುನಾಡು ಜೈಲು ಇಲಾಖೆ 2023ರ ಚೆನ್ನೈ ಪುಸ್ತಕ ಮೇಳದಲ್ಲಿ 'ಕೂಂಡುಕ್ಕುಳ್ ವಾನಂ', ಅಂದರೆ ಪಂಜರದೊಳಗೆ ಆಕಾಶ, ಎಂಬ ಹೆಸರಿನಲ್ಲಿ ಮಳಿಗೆ ಇಟ್ಟು ಕೈದಿಗಳಿಗಾಗಿ ಜನರಿಂದ ಪುಸ್ತಕ ಬೇಡಿತು. ಗಡಿಯ ಕನ್ನಡ ಸಂಘಗಳು ರಾಜ್ಯೋತ್ಸವದ ಶಾಮಿಯಾನಕ್ಕೆ ಮಾಡುವ ಖರ್ಚಿನಲ್ಲಿ ನೂರು ಕನ್ನಡ ಪುಸ್ತಕ ಕೊಯಮತ್ತೂರು ಜೈಲಿಗೆ ಕೊಡಬಹುದು. ದೇವಸ್ಥಾನದ ಹಬ್ಬಕ್ಕೆ ಆರ್ಕೆಸ್ಟ್ರಾ ತರಿಸುವ ಊರುಗಳು ಒಂದು ವರ್ಷ ಜೈಲು ತಂಡದ ಆಟ ಕೇಳಬಹುದು. ಕುನ್ನತ್ತೂರಿನ ಸುತ್ತಿನ ಹಳ್ಳಿಗಳಿಂದ ಬೆಳಿಗ್ಗೆ ಬೆಳಿಗ್ಗೆ ಆಳುಗಳನ್ನು ತುಂಬಿಕೊಂಡು ತಿರುಪ್ಪೂರಿನ ಬನಿಯನ್ ಕಂಪನಿಗಳಿಗೆ ಹೋಗುವ ವ್ಯಾನುಗಳಲ್ಲಿ, ಬಿಡುಗಡೆಯಾಗಿ ಬಂದ ಒಬ್ಬನಿಗೂ ಒಂದು ಸೀಟು ಇರಬಹುದು. 'ಎಲ್ಲಿದ್ದೆ ಇಷ್ಟು ವರ್ಷ?' ಎಂದು ಮಾಲೀಕರು ಕೇಳಿದಾಗ ಅವನು ತಲೆ ತಗ್ಗಿಸದೆ, ಸುಳ್ಳೂ ಹೇಳದೆ ಉತ್ತರ ಕೊಡುವಂತಾಗಬೇಕು. ಆ ಉತ್ತರವನ್ನು ಅವನು ಕಲಿಯಬೇಕಾದದ್ದು ಒಳಗೆ ಇದ್ದಾಗಲೇ. ಕೇಳಿಸಿಕೊಳ್ಳುವ ತಾಳ್ಮೆಯನ್ನು ನಾವು ಹೊರಗೆ ಕಲಿಯಬೇಕು. ಬಿಳಿಚ್ಚಿಯ ನಕ್ಷೆ ನೋಡುವ ಅಧಿಕಾರಿಗಳೂ, ಎರಡೂ ಕಡೆಯ ಶಾಸಕರೂ ಈ ಬಗ್ಗೆ ಗಮನ ಹರಿಸಲಿ.